ತೋಡರ ವಿವಾಹನಿಯಮವೂ ರಿವರ್ಸರ ವಂಶಾವಳಿಗಳೂ

ನೀಲಗಿರಿಯ ತೋಡರನ್ನು ಕುರಿತು ಡಬ್ಲ್ಯು. ಎಚ್. ಆರ್. ರಿವರ್ಸರು 1906ರಲ್ಲಿ ಪ್ರಕಟಿಸಿದ ‘ದಿ ತೋಡಾಸ್’ ಎಂಬ ಗ್ರಂಥವು ಮಾನವಶಾಸ್ತ್ರದಲ್ಲಿ ಪ್ರಮಾಣವೆಂದು ಗಣಿಸಲ್ಪಟ್ಟಿರುವುದು. ಅಂದು ಸುಮಾರು ಎಂಟುನೂರು ಮಂದಿಯಷ್ಟೇ ಇದ್ದ ಜನಾಂಗದಲ್ಲಿ ಯಾರು ಯಾರನ್ನು ವರಿಸಿದರೆಂಬುದನ್ನು ಹೆಸರು ಹಿಡಿದು ಸಂಗ್ರಹಿಸಿ, ಆ ವಂಶಾವಳಿಗಳನ್ನು ಗ್ರಂಥದ ಕೊನೆಯಲ್ಲಿ ಅಚ್ಚು ಹಾಕಿಸಿದುದು ಅವರ ಮುಖ್ಯ ಸಾಧನೆ. ಆದರೂ ಅದರ ವಿವಾಹಪ್ರಕರಣದಲ್ಲಿ ಒಂದು ದೊಡ್ಡ ನ್ಯೂನತೆಯುಂಟು. ಅದರ ಕಾರಣವನ್ನು ವಿಚಾರಿಸುವುದು ಉಚಿತ.

ರಿವರ್ಸರು ಕಂಡಂತೆ ತೋಡರಲ್ಲಿ ಎರಡು ಪಂಗಡಗಳು. ಅವುಗಳೊಳಗೆ ಪರಸ್ಪರ ವಿವಾಹವಿಲ್ಲ. ಒಂದೊಂದು ಪಂಗಡದಲ್ಲಿಯೂ ತಂದೆಯಿಂದ ಮಗನಿಗೆ ಬರುವ ಕುಲಗಳಿವೆ. ಸ್ವಕುಲದಲ್ಲಿ ವಿವಾಹ ನಿಷಿದ್ಧ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳ ಸಂಬಂಧವೇ ಪ್ರಶಸ್ತ. ಹೆಣ್ಣು ಎರಡು ಮೂರು ವರ್ಷದವಳಿರುವಾಗಲೇ ನಿಶ್ಚಯವಾಗುತ್ತಿತ್ತು. ಅವಳು ವರನ ಸೋದರರಿಗೂ ಪತ್ನಿಯಾಗುತ್ತಿದ್ದಳು. ಎಮ್ಮೆಗಳನ್ನು ಕೊಟ್ಟು ಮತ್ತೊಬ್ಬನ ಪತ್ನಿಯನ್ನು ಪಡೆಯುವುದೂ ರೂಢಿಯಲ್ಲಿತ್ತು. ಹೆಣ್ಣುಶಿಶುಗಳ ಹತ್ಯೆಗೂ ಬಹುಪತಿತ್ವಕ್ಕೂ ಇರುವ ಸಂಬಂಧವನ್ನು ಅವರು ಲೆಕ್ಕದಿಂದ ವಿಚಾರಿಸಿರುವ ಭಾಗವು ಇಂದಿಗೂ ಮನನೀಯವಾಗಿದೆ. ಸ್ತ್ರೀಯರ ಪ್ರಮಾಣ ಹೆಚ್ಚಿದಾಗ ಸೋದರರು ಹಳೆಯ ಪದ್ಧತಿಯನ್ನು ಬಿಡದೆ, ಇಬ್ಬರು ಮೂವರನ್ನು ಒಟ್ಟಾಗಿ ವರಿಸತೊಡಗಿದರೆಂಬುದನ್ನು ಅವರು ಗುರುತಿಸಿರುವರು.

ಆದರೆ ತೋಡ ಭಾಷೆಯನ್ನು ಅಭ್ಯಸಿಸಲು ಬಂದ ಎಂ. ಬಿ. ಎಮೆನೋ ಅವರು 1937ರಲ್ಲಿ ಬೇರೊಂದು ಸಂಗತಿಯನ್ನು ತೋರಿಸಿದರು. ಪ್ರತಿಯೊಬ್ಬ ತೋಡನೂ ತಂದೆಯ ಕುಲಕ್ಕಲ್ಲದೆ ತಾಯಿಯಿಂದ ಬರುವ ಇನ್ನೊಂದು ಬಳಿಗೂ ಸೇರಿದವನು, ಅದರೊಳಗೂ ವಿವಾಹವಿಲ್ಲ. ಈ ನಿಷೇಧವನ್ನು ರಿವರ್ಸರು ಕೇಳಿರಲಿಲ್ಲವೆಂದಲ್ಲ. ವರಿಸಬಾರದ ಬಂಧುಗಳಿಗೆ ಇರುವ ಪದವನ್ನು ಅವರು ಬರೆದುಕೊಂಡಿದ್ದರು. ಆದರೆ ಅದನ್ನು ಕೆಲವು ನೆಂಟರ ಪಟ್ಟಿಯೆಂದು ಬಗೆದರೇ ಹೊರತು ಒಂದು ಬಳಿಯ ಹೆಸರೆಂದು ಬಗೆಯಲಿಲ್ಲ. ತಾಯಿಯ ಸೋದರಿಯ ಮಕ್ಕಳು ಒಡಹುಟ್ಟಿದವರೆಂಬ ನಿಯಮವೂ ಅದೇ ಫಲವನ್ನು ಕೊಡುವುದರಿಂದ, ಸಮೀಪಬಂಧುಗಳಲ್ಲಿ ಈ ಭೇದವು ತೋರುವುದಿಲ್ಲ. ದೂರದ ಸಂಬಂಧದಲ್ಲಿ ಮಾತ್ರ ಸ್ಪಷ್ಟವಾಗುತ್ತದೆ.

ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ರಿವರ್ಸರು ದ್ವಿಭಾಷಿಗಳ ಮೂಲಕ ಕೆಲಸ ಮಾಡಿದವರು. ಎಮೆನೋ ಅವರು ಪದಗಳನ್ನೇ ಬೆನ್ನಟ್ಟಿದವರು. ಎರಡನೆಯದಾಗಿ, ಕುಲವನ್ನು ಅನುಸರಿಸಿ ಬರೆದ ವಂಶಾವಳಿಯಲ್ಲಿ ತಾಯಿಯ ಹೆಸರಿದ್ದರೂ ತಾಯಿಯ ಸಂತತಿಯು ಹರಿದುಹೋಗುತ್ತದೆ. ಆದರೆ ರಿವರ್ಸರೇ ವಿವರಿಸಿರುವ ಬಿಲ್ಲು ಕೊಡುವ ವಿಧಿಯು ಅವರನ್ನು ಎಚ್ಚರಿಸಬೇಕಾಗಿತ್ತು. ಗರ್ಭಿಣಿಗೆ ಬಿಲ್ಲುಬಾಣವನ್ನು ಕೊಟ್ಟವನೇ ಮಗುವಿನ ತಂದೆ. ಪಿತೃತ್ವವು ಜನ್ಮದಿಂದಲ್ಲದೆ ವಿಧಿಯಿಂದ ನಿರ್ಣಯವಾಗುವಲ್ಲಿ, ರಕ್ತಸಂಬಂಧದ ನಿಶ್ಚಯವನ್ನು ತಾಯಿಯ ಕಡೆಯಲ್ಲಿ ಹುಡುಕುವುದು ಸಹಜವಲ್ಲವೆ? ಅಳಿಯಸಂತಾನವನ್ನೂ ತಾಯಿಯಿಂದ ಬರುವ ಬಳಿಯನ್ನೂ ಬಲ್ಲ ಕರಾವಳಿಯ ಕನ್ನಡಿಗನು ಈ ಪ್ರಶ್ನೆಯನ್ನು ಮೊದಲೇ ಕೇಳುತ್ತಿದ್ದನು.

ರಿವರ್ಸರ ಕೀರ್ತಿಗೆ ಇದರಿಂದ ಕುಂದಿಲ್ಲ. ತಮ್ಮ ಆಧಾರಗಳನ್ನು ಮುಚ್ಚಿಡದೆ ಅಚ್ಚು ಹಾಕಿಸಿದವರ ತಪ್ಪನ್ನಷ್ಟೇ ಮುಂದಿನವರು ತಿದ್ದಬಲ್ಲರು. ಆದರೆ ಅಲ್ಪಸಂಖ್ಯೆಯ ಜನರಲ್ಲಿ ಒಂದು ನಿಷೇಧವನ್ನು ಗಮನಿಸದಿದ್ದರೆ, ವಧೂವರರಿಗೆ ನಿಜವಾಗಿ ಉಳಿದಿದ್ದ ಆಯ್ಕೆ ಎಷ್ಟೆಂಬ ಗಣನೆಯೇ ತಪ್ಪುತ್ತದೆ.