ಲುಬ್ಧಕದ ಹೆಸರಿನಲ್ಲಿ ಒಂದು ಅವಮಾನ

ರಾಬರ್ಟ್ ಟೆಂಪಲ್ ಅವರ 'ದಿ ಸಿರಿಯಸ್ ಮಿಸ್ಟರಿ' 1976ರಲ್ಲಿ ಬಂದ ಪುಸ್ತಕ. ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ, ಅದನ್ನು ಒಪ್ಪಿಕೊಳ್ಳೋಣ. ಅಪಾಯವಿರುವುದೂ ಅಲ್ಲೇ.

ಸಿರಿಯಸ್ ಎಂದರೆ ಕನ್ನಡದ ಲುಬ್ಧಕ, ಉರ್ದು ಬಲ್ಲವರ ಶಿಅರಾ. ಇರುಳಿನ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ. ಅದಕ್ಕೊಂದು ಜೊತೆ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದ ಅದನ್ನು ದೂರದರ್ಶಕದಲ್ಲಿ ಮೊದಲು ಕಂಡದ್ದು 1862ರಲ್ಲಿ. ಆದರೆ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಡೋಗೊನ್ ಬುಡಕಟ್ಟಿನವರಿಗೆ ಆ ಜೊತೆ ನಕ್ಷತ್ರವೂ ಅದರ 50 ವರ್ಷಗಳ ಸುತ್ತಿನ ಲೆಕ್ಕವೂ ತಿಳಿದಿದೆ ಎಂದು ಫ್ರೆಂಚ್ ಮಾನವಶಾಸ್ತ್ರಜ್ಞರಾದ ಮಾರ್ಸೆಲ್ ಗ್ರಿಯೋಲ್ ಮತ್ತು ಜರ್ಮೇನ್ ಡಿಯೆಟರ್ಲೆನ್ 1950ರಲ್ಲಿ ಬರೆದರು. ಟೆಂಪಲ್ ಅದನ್ನೇ ಹಿಡಿದುಕೊಂಡು, ಸಿರಿಯಸ್ ಕಡೆಯಿಂದ ಬಂದ ಯಾವುದೋ ಉಭಯಚರ ಜೀವಿಗಳು ಭೂಮಿಯವರಿಗೆ ಈ ವಿದ್ಯೆ ಕಲಿಸಿದವು ಎಂದರು.

ಡೋಗೊನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ವಾಲ್ಟರ್ ವಾನ್ ಬೀಕ್ 1991ರಲ್ಲಿ ಬೇರೆಯೇ ಮಾತು ಹೇಳಿದರು. ಗ್ರಿಯೋಲ್ ಬರೆದ ಆ ಕಥೆಯನ್ನು ತಮ್ಮದೆಂದು ಗುರುತಿಸುವವರು ಅವರಿಗೆ ಅಲ್ಲಿ ಸಿಗಲಿಲ್ಲ. ಈ ತೀರ್ಮಾನಕ್ಕೂ ಆಕ್ಷೇಪಗಳು ಬಂದವು. ಆದರೆ ಕೇಳುವವನ ಪ್ರಶ್ನೆಯೇ ಎಷ್ಟೋ ಸಲ ಉತ್ತರವನ್ನು ಹೇಳಿಕೊಟ್ಟುಬಿಡುತ್ತದೆ ಎಂಬುದು ಕಥೆ ಬರೆಯುವ ನಮಗೆ ಚೆನ್ನಾಗಿ ಗೊತ್ತು.

ನಮ್ಮ ತಕರಾರು ಟೆಂಪಲ್ ಒಬ್ಬರ ಮೇಲಲ್ಲ. ಆಫ್ರಿಕಾದ ಅಭಿಮಾನಿಗಳೇ ಅನೇಕರು ಇದನ್ನು ಹೆಮ್ಮೆಯ ಸಾಕ್ಷಿಯೆಂದು ಎತ್ತಿ ಹಿಡಿಯುತ್ತಾರೆ. ಆ ಜನ ಸ್ವಂತ ಕಣ್ಣಿನಿಂದ ಆಕಾಶ ನೋಡಿ ಏನನ್ನೂ ಕಲಿಯಲಾರರು ಎಂಬುದೇ ಪುಸ್ತಕದ ಒಳಮಾತೆಂಬುದು ಅವರಿಗೆ ಹೊಳೆಯುವುದಿಲ್ಲ. (ವಿಜ್ಞಾನವನ್ನೆಲ್ಲ ಹಳೆಯ ಗ್ರಂಥಗಳಲ್ಲಿ ಹುಡುಕಿ ಬೀಗುವ ಚಾಳಿ ನಮ್ಮಲ್ಲೂ ಇದೆ, ಯಾವ ಒಂದು ಧರ್ಮದವರ ಸೊತ್ತೂ ಅಲ್ಲ.)

ಅದೇ ನಕ್ಷತ್ರದ ನಿಜವಾದ ಆಫ್ರಿಕನ್ ಚರಿತ್ರೆಗೆ ದೂರದರ್ಶಕ ಬೇಕಿಲ್ಲ. ಸುಮಾರು 70 ದಿನ ಮರೆಯಾಗಿದ್ದ ಸಿರಿಯಸ್ ಮುಂಜಾವಿನಲ್ಲಿ ಮತ್ತೆ ಮೂಡುವುದನ್ನು ಪ್ರಾಚೀನ ಈಜಿಪ್ಟಿನವರು ಕಾಯುತ್ತಿದ್ದರು. ನೈಲ್ ನದಿಯ ನೆರೆ ಬರುತ್ತಿದ್ದುದು ಆ ಹೊತ್ತಿಗೇ. ಅವರ ಪಂಚಾಂಗದ ವರ್ಷಕ್ಕೆ 365 ದಿನಗಳಿದ್ದವು.

ಅದಕ್ಕೂ ಹಿಂದಿನದು ಅಬು ಸಿಂಬೆಲ್‌ನ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿರುವ ನಬ್ಟಾ ಪ್ಲಾಯಾ. ಇಂದು ಬರೀ ಮರಳು. ಸುಮಾರು 7,000 ವರ್ಷಗಳ ಹಿಂದೆ ಬೇಸಿಗೆಯ ಮಳೆಗೆ ಅಲ್ಲೊಂದು ಕೆರೆ ತುಂಬುತ್ತಿತ್ತು, ದನಗಾಹಿಗಳು ಬಂದು ಬೀಡು ಬಿಡುತ್ತಿದ್ದರು. ಅವರು ನೆಟ್ಟ ಪುಟ್ಟ ಕಲ್ಲಿನ ವೃತ್ತದಲ್ಲಿ ಎರಡು ಕಿಂಡಿಗಳು. ಒಂದು ಉತ್ತರ ದಕ್ಷಿಣಕ್ಕೆ, ಇನ್ನೊಂದು ವರ್ಷದ ಅತಿ ದೀರ್ಘ ಹಗಲಿನ ಸೂರ್ಯೋದಯದ ದಿಕ್ಕಿಗೆ. ಮಳೆಗಾಲ ಶುರುವಾಗುತ್ತಿದ್ದುದೂ ಹೆಚ್ಚು ಕಡಿಮೆ ಆ ದಿನಗಳಲ್ಲೇ. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ವಿವರ ಪ್ರಕಟವಾಯಿತು. ದನಗಳಿಗೆ ನೀರು ಯಾವಾಗ ಸಿಕ್ಕೀತು ಎಂದು ತಿಳಿಯಲು ದಿಗಂತಕ್ಕೆ ಕಣ್ಣು ನೆಟ್ಟು ಕೂತಿದ್ದವರ ಕೈಕೆಲಸ ಅದು. ಆ ಕಲ್ಲುಗಳು ಈಗ ಅಸ್ವಾನ್‌ನ ನ್ಯೂಬಿಯಾ ವಸ್ತುಸಂಗ್ರಹಾಲಯದಲ್ಲಿವೆ.