ಹ್ಯಾಫ್ನಿಯಂ ಐಸೊಮರ್: ಒಂದು ಪ್ರತಿಪಾದನೆಯ ವಿಮರ್ಶೆ

ಉದ್ರಿಕ್ತಗೊಂಡ ಪರಮಾಣುಬೀಜವು ಸಾಮಾನ್ಯವಾಗಿ ಕ್ಷಣದ ಅತ್ಯಲ್ಪ ಭಾಗದಲ್ಲಿಯೇ ಗ್ಯಾಮಾ ಕಿರಣವನ್ನು ಹೊರಸೂಸಿ ಕೆಳಗಿನ ಸ್ಥಿತಿಗೆ ಇಳಿಯುತ್ತದೆ. ಇಳಿಯದೆ ಬಹುಕಾಲ ನಿಲ್ಲುವ ಸ್ಥಿತಿಗೆ ಐಸೊಮರ್ ಎಂದು ಹೆಸರು. ಹ್ಯಾಫ್ನಿಯಂ-178ರ ಅಂತಹದೊಂದು ಸ್ಥಿತಿಯ ಅರ್ಧಾಯು 31 ವರ್ಷ. ಅದರ ಶಕ್ತಿ 24.46 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಇದನ್ನು ಕುರಿತು 1999ರಲ್ಲಿ ಪ್ರಕಟವಾದ ಪ್ರತಿಪಾದನೆಯೊಂದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಈ ದೀರ್ಘಾಯುವಿನ ಕಾರಣವನ್ನು ತಿಳಿಯಬೇಕು. ಹ್ಯಾಫ್ನಿಯಂ ಬೀಜವು ಗೋಳಾಕಾರವಾಗಿರದೆ ಒಂದು ಅಕ್ಷದ ಉದ್ದಕ್ಕೆ ನೀಳವಾಗಿದೆ. ಒಟ್ಟು ಕೋನೀಯ ಸಂವೇಗವು ಆ ಅಕ್ಷದ ಮೇಲೆ ಬೀರುವ ಪ್ರಕ್ಷೇಪವನ್ನು 'ಕೆ' ಸಂಖ್ಯೆಯೆನ್ನುತ್ತೇವೆ. ಒಂದು ಪ್ರೋಟಾನ್ ಜೋಡಿಯೂ ಒಂದು ನ್ಯೂಟ್ರಾನ್ ಜೋಡಿಯೂ ಒಡೆದು, ಒಂದೊಂದೂ 8ನ್ನು ಕೊಟ್ಟು, ಇಲ್ಲಿ ಕೆ 16 ಆಗಿದೆ. ಬೀಜವು ಇಳಿಯಬೇಕಾದ ಶ್ರೇಣಿಯ ಕೆ ಕೇವಲ 8. ಈ ಇಳಿತದ ಮುಖ್ಯ ಗ್ಯಾಮಾ ಕಿರಣವು 3 ಏಕಮಾನ ಕೋನೀಯ ಸಂವೇಗವನ್ನು ಮಾತ್ರ ಒಯ್ಯುತ್ತದೆ. ಅದರ ಶಕ್ತಿಯೂ ಸುಮಾರು 13 ಸಾವಿರ ಎಲೆಕ್ಟ್ರಾನ್ ವೋಲ್ಟಿನಷ್ಟು ಅಲ್ಪ. ಆದಕಾರಣ ಇಳಿತವು ಅಸಾಧ್ಯವಲ್ಲದಿದ್ದರೂ ಅತಿ ವಿರಳ.

ಟೆಕ್ಸಾಸ್ ವಿಶ್ವವಿದ್ಯಾನಿಲಯದ ಡಲಾಸ್ ಶಾಖೆಯ ಕಾರ್ಲ್ ಕಾಲಿನ್ಸ್ ಮತ್ತು ಸಂಗಡಿಗರು ದಂತವೈದ್ಯರು ಬಳಸುವಂತಹ ಕ್ಷ-ಕಿರಣ ಯಂತ್ರದಿಂದ ಈ ಐಸೊಮರನ್ನು ಬೆಳಗಿಸಿದಾಗ ಗ್ಯಾಮಾ ಕಿರಣಗಳು ನೂರಕ್ಕೆ ಸುಮಾರು 4ರಷ್ಟು ಹೆಚ್ಚಿದುವೆಂದು ವರದಿ ಮಾಡಿದರು. ಒಂದು ಗ್ರಾಂ ಶುದ್ಧ ಐಸೊಮರಿನಲ್ಲಿ ಸುಮಾರು 130 ಕೋಟಿ ಜೂಲ್ ಶಕ್ತಿ ಅಡಗಿರುವುದರಿಂದ ಈ ವರದಿ ಶಕ್ತಿಮೂಲಗಳ ಹಾಗೂ ಆಯುಧಗಳ ಕನಸಿಗೆ ಎಡೆಗೊಟ್ಟಿತು.

ನಮ್ಮ ಆಕ್ಷೇಪಣೆಗಳು ಎರಡು. ಏರಿಕೆಯು ಇಷ್ಟು ಚಿಕ್ಕದಾಗಿರುವಾಗ ಎಣಿಕೆಯ ಸಹಜ ಏರಿಳಿತದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಅದಕ್ಕಿಂತ ಮುಖ್ಯವಾದುದು ಪುನಃಪರೀಕ್ಷೆ: 2001ರಲ್ಲಿ ಆರ್ಗಾನ್ ಪ್ರಯೋಗಶಾಲೆಯಲ್ಲಿ ಬಹುಪಾಲು ತೀವ್ರವಾದ ಸಿಂಕ್ರೋಟ್ರಾನ್ ಕಿರಣಗಳನ್ನು ಬಳಸಿದರೂ ಏರಿಕೆ ಕಾಣಲಿಲ್ಲ. 2003ರಲ್ಲಿ ಇನ್ನೂ ಕಡಿಮೆ ಶಕ್ತಿಯ ಕಿರಣಗಳಿಂದ ಹುಡುಕಿದಾಗಲೂ ಅದೇ ಫಲ.

ಪ್ರಚೋದಿತ ಇಳಿತವೇ ಭ್ರಮೆಯೆಂದು ಹೇಳಿದರೆ ಮಾತ್ರ ಅನ್ಯಾಯವಾದೀತು. ಟ್ಯಾಂಟಲಂ-180ರ ಐಸೊಮರು ನಿಸರ್ಗದಲ್ಲಿಯೇ ದೊರೆಯುತ್ತದೆ. ಅದನ್ನು ಹೆಚ್ಚು ಶಕ್ತಿಯ ಕಿರಣಗಳಿಂದ ಇಳಿಸಬಹುದೆಂಬುದನ್ನು 1988ರಲ್ಲಿ ಇದೇ ಕಾಲಿನ್ಸ್ ಮತ್ತು ಸಂಗಡಿಗರು ತೋರಿಸಿದ್ದರು. ಆ ಫಲಿತಾಂಶವನ್ನು ಅನಂತರದ ಪ್ರಯೋಗಗಳೂ ಸಮರ್ಥಿಸಿದುವು. ಆದರೆ ಅಲ್ಲಿ ಒಂದೊಂದು ಬೀಜಕ್ಕೂ ಸುಮಾರು 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಒದಗಿಸಬೇಕು. ಅಡಗಿರುವುದು ಕೇವಲ 77 ಸಾವಿರ. ಗಳಿಕೆಗಿಂತ ವೆಚ್ಚವೇ ಹೆಚ್ಚು.

ಒಬ್ಬರೇ ಸಂಶೋಧಕರ ಎರಡು ಫಲಿತಾಂಶಗಳಲ್ಲಿ ಒಂದು ನಿಂತಿತು, ಇನ್ನೊಂದು ನಿಲ್ಲಲಿಲ್ಲ. ನಿರ್ಣಯಿಸಿದುದು ಹೆಸರಲ್ಲ, ಅನ್ಯರ ಕೈಯಲ್ಲಿಯೂ ಮರಳಿ ದೊರೆಯುವ ಗುಣ. ಐಸೊಮರುಗಳನ್ನು ಬೋಧಿಸುವಾಗ ಅಧ್ಯಾಪಕರು ಶಕ್ತಿಭಂಡಾರದ ಕಥೆಗಿಂತ ಕೆ ಸಂಖ್ಯೆಯ ನಿಯಮವನ್ನೂ ಈ ವಿವಾದದ ಪಾಠವನ್ನೂ ಮುಂದಿಡುವುದು ಮೇಲೆಂದು ನಮ್ಮ ಅಭಿಪ್ರಾಯ.