ರಾಮನದುರ್ಗದ ಗಿರಿನಿವಾಸ

ಬ್ರೂಸ್‌ಪೇಟೆಯ ಕಲ್ಲುಗೋಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ನಡುವಿರುಳಿನವರೆಗೂ ಉಗುಳುತ್ತಿರುವ ವೈಶಾಖಮಾಸದಲ್ಲಿ, ಈ ಬಳ್ಳಾರಿಯ ನೆರೆಯಲ್ಲಿಯೇ ಒಂದು ಗಿರಿನಿವಾಸವಿದ್ದಿತೆಂದರೆ ನಂಬುವವರು ವಿರಳ. ಉದಕಮಂಡಲದ ಕೀರ್ತಿ ಅದಕ್ಕೆ ಬರಲಿಲ್ಲ. ಬಾರದಿದ್ದುದೇ ಲೇಸೆಂದು ನನ್ನ ಮತ. ಘೋರ್ಪಡೆ ಅರಸರ ಸಂಡೂರು ಸಂಸ್ಥಾನದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,250 ಅಡಿ ಎತ್ತರದಲ್ಲಿರುವ ರಾಮನದುರ್ಗವನ್ನು, ಬಳ್ಳಾರಿಯ ದಂಡಿನಲ್ಲಿ ಬೇಗೆಗೂ ರೋಗಕ್ಕೂ ಸೊರಗಿದ ಸೈನಿಕರ ಆರೋಗ್ಯಧಾಮಕ್ಕೆಂದು ಆಂಗ್ಲರು 1840ರ ದಶಕದಲ್ಲಿ ಆರಿಸಿಕೊಂಡರು. ಅದಕ್ಕೂ ಮೊದಲೇ ಅಲ್ಲೊಂದು ದುರ್ಗವಿದ್ದಿತು, ಹೆಸರೇ ಅದಕ್ಕೆ ಸಾಕ್ಷಿ. ಅಧಿಕಾರಿಗಳ ಬಂಗಲೆಗಳೂ ಕ್ರಮೇಣ ತಲೆಯೆತ್ತಿದವು.

ಆ ಮಲೆಯ ಸೊಬಗು ಕಟ್ಟಡಗಳದಲ್ಲ, ನೆಲದ್ದು. ಕಾಲ್ದಾರಿಯ ಬದಿಯಿಂದ ಒಂದು ಕಲ್ಲನ್ನೆತ್ತಿದರೆ ಅದು ಗಾತ್ರಕ್ಕೆ ಮೀರಿ ಭಾರವಾಗಿ, ಅಂಗೈಗೆ ಕುಂಕುಮದಂತಹ ಪುಡಿಯನ್ನು ಮೆತ್ತುವುದು, ಕಬ್ಬಿಣದ ಅದಿರು! ಮೊದಲ ಮಳೆ ಬಿದ್ದೊಡನೆ ಈ ಕೆಂಪಿನ ಮೇಲೆ ಹಸುರು ಹರಡಿ, ಕಣಿವೆಯಿಂದ ಮಂಜು ಮೇಲೇರುವಾಗ, ಕೆಳಗಿನ ಎರೆಯ ಬಯಲಿಗೂ ಇದಕ್ಕೂ ಒಂದೇ ಆಕಾಶವೇ ಎಂದು ಸಂದೇಹವಾಗುವುದು.

ದಂಡು ಹೋಯಿತು, ಬಂಗಲೆಗಳು ಪಾಳುಬಿದ್ದವು, 1949ರಲ್ಲಿ ಸಂಸ್ಥಾನವೂ ವಿಲೀನವಾಯಿತು. ಉಳಿದದ್ದು ಮಲೆ, ಅದರ ಒಡಲಿನ ಅದಿರೇ ಅದಕ್ಕೆ ಶತ್ರು. ಬಳ್ಳಾರಿಯವರು ಊಟಿಗೆ ಹೊರಡುವ ಮುನ್ನ, ಒಂದು ಶ್ರಾವಣದಲ್ಲಾದರೂ ಇಲ್ಲಿಗೆ ಹೋಗಿಬರಲಿ.